ಶುಶ್ರೂಷೆ: ಚಿಕಿತ್ಸೆಯ ಮೂರನೆಯ ಪಾದ

ರೋಗಿಯ ಆರೈಕೆಗೆ ನಾವು ಬಳಸುವ 'ಶುಶ್ರೂಷೆ' ಎಂಬ ಪದದ ಮೂಲಾರ್ಥವು ಮನನಯೋಗ್ಯವಾಗಿದೆ. 'ಶ್ರು' ಎಂಬ ಸಂಸ್ಕೃತ ಧಾತುವಿಗೆ ಕೇಳು ಎಂದರ್ಥ. ಶುಶ್ರೂಷಾ ಎಂದರೆ ಕೇಳಬೇಕೆಂಬ ಇಚ್ಛೆ. ಕೇಳಲು ಬಯಸುವವನು ಹತ್ತಿರವಿದ್ದು ಸೇವೆ ಮಾಡುತ್ತಾನೆಂಬ ಕಾರಣದಿಂದ ಆ ಪದಕ್ಕೆ ಸೇವೆ ಎಂಬ ಅರ್ಥವೂ ಬಂದಿತು. ಆಯುರ್ವೇದದ ಗ್ರಂಥಗಳಲ್ಲಿ ಪರಿಚಾರಕನಿಗೆ 'ಉಪಸ್ಥಾತಾ' ಎಂಬ ಇನ್ನೊಂದು ಹೆಸರಿದೆ. ಹತ್ತಿರ ನಿಂತವನು ಎಂಬುದು ಅದರ ಅರ್ಥ. ಹತ್ತಿರ ನಿಲ್ಲುವುದು ಮತ್ತು ಕೇಳಿಸಿಕೊಳ್ಳುವುದು ಇವೆರಡೂ ಶುಶ್ರೂಷೆಯ ಆರಂಭ. ಆದರೆ ಅಷ್ಟರಿಂದಲೇ ಅದು ಪೂರ್ಣವಾಗುವುದಿಲ್ಲ. ಹತ್ತಿರ ನಿಂತವನಿಗೆ ಏನನ್ನು ನೋಡಬೇಕು, ಏನನ್ನು ಮಾಡಬೇಕು, ಏನನ್ನು ಮಾಡಬಾರದು ಎಂಬ ತಿಳಿವಳಿಕೆಯೂ ಬೇಕು.

ಇಂದು ಹಳ್ಳಿ ಹಳ್ಳಿಗಳಿಂದ ಅನೇಕ ಮಕ್ಕಳು ಜಿ.ಎನ್.ಎಂ. ಹಾಗೂ ಬಿ.ಎಸ್ಸಿ. ನರ್ಸಿಂಗ್ ವಿದ್ಯಾಭ್ಯಾಸಕ್ಕೆ ಹೋಗುತ್ತಿದ್ದಾರೆ. ಇನ್ನೊಂದೆಡೆ, ಪಾರ್ಶ್ವವಾಯುವಿನಿಂದಲೋ ಸೊಂಟದ ಮೂಳೆ ಮುರಿತದಿಂದಲೋ ವೃದ್ಧಾಪ್ಯದಿಂದಲೋ ಹಾಸಿಗೆ ಹಿಡಿದ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಆ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಕಲಿಯುವ ಮೂಲಪಾಠಗಳೂ ಈ ಮನೆಯವರಿಗೆ ಬೇಕಾದ ತಿಳಿವಳಿಕೆಯೂ ಬಹುಮಟ್ಟಿಗೆ ಒಂದೇ. ಆದ್ದರಿಂದ ಆ ಮೂಲತತ್ತ್ವಗಳನ್ನು ಇಬ್ಬರಿಗೂ ಉಪಯೋಗವಾಗುವಂತೆ ಇಲ್ಲಿ ಪುನರವಲೋಕಿಸಲಾಗಿದೆ.

ನಾಲ್ಕು ಪಾದಗಳು, ನಾಲ್ಕು ಗುಣಗಳು

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಯ ನಾಲ್ಕು ಪಾದಗಳನ್ನು ವಿವರಿಸುತ್ತದೆ. ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ ಇವೇ ಆ ನಾಲ್ಕು. ಒಂದೊಂದು ಪಾದಕ್ಕೂ ನಾಲ್ಕು ಗುಣಗಳಂತೆ ಒಟ್ಟು 16 ಗುಣಗಳನ್ನು ಚರಕನು ಹೇಳಿದ್ದಾನೆ. ಮೂರನೆಯ ಪಾದವಾದ ಪರಿಚಾರಕನ ನಾಲ್ಕು ಗುಣಗಳು ಹೀಗಿವೆ: ಉಪಚಾರಜ್ಞತೆ, ಅಂದರೆ ಆರೈಕೆಯ ವಿಧಾನವನ್ನು ಅರಿತಿರುವುದು, ದಾಕ್ಷ್ಯ, ಅಂದರೆ ಕೈಗೆಲಸದಲ್ಲಿ ನಿಪುಣತೆ, ಅನುರಾಗ, ಅಂದರೆ ರೋಗಿಯ ಮೇಲೆ ಪ್ರೀತಿ, ಶೌಚ, ಅಂದರೆ ಶುಚಿತ್ವ. ಸುಶ್ರುತನು ಇನ್ನೂ ಕೆಲವು ಗುಣಗಳನ್ನು ಹೇಳುತ್ತಾನೆ. ಪರಿಚಾರಕನು ಹೇಸಿಗೆಪಡದವನೂ, ಬಲವುಳ್ಳವನೂ, ವೈದ್ಯನ ಮಾತಿನಂತೆ ನಡೆಯುವವನೂ, ದಣಿಯದವನೂ ಆಗಿರಬೇಕು.

ಈ ನಾಲ್ಕು ಗುಣಗಳಲ್ಲಿ ನಮ್ಮ ಮನೆಗಳಲ್ಲಿ ಕೊರತೆಯಿಲ್ಲದಿರುವುದು ಅನುರಾಗಕ್ಕೆ ಮಾತ್ರ. ಹೆತ್ತವರ ಮೇಲಿನ ಪ್ರೀತಿಯಿಂದಲೇ, ಎಚ್ಚರ ಸರಿಯಿಲ್ಲದ ತಂದೆಯ ಬಾಯಿಗೆ ಮಗನು ಚಮಚದಲ್ಲಿ ನೀರು ಬಿಡುತ್ತಾನೆ. ಆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಪ್ರೀತಿಯಿಂದಲೇ ಮಗಳು ತಾಯಿಯ ಬೆನ್ನಿನ ಕೆಂಪಾದ ಜಾಗವನ್ನು ಚೆನ್ನಾಗಿ ತಿಕ್ಕುತ್ತಾಳೆ; ಆ ಚರ್ಮ ಮರುದಿನ ಒಡೆಯುತ್ತದೆ. ಇವರಲ್ಲಿ ಯಾರ ಪ್ರೀತಿಯನ್ನೂ ಶಂಕಿಸುವಂತಿಲ್ಲ. ಆದರೆ ಅರಿವಿಲ್ಲದ ಪ್ರೀತಿ ರೋಗಿಯನ್ನು ಕಾಯಲಾರದು. ಅದಕ್ಕೆಂದೇ ಚರಕನ ಪಟ್ಟಿಯಲ್ಲಿ ಅರಿವು ಮೊದಲು ಬಂದಿದೆ, ಅನುರಾಗ ಅನಂತರ ಬಂದಿದೆ ಎಂದು ನಾನು ತಿಳಿಯುತ್ತೇನೆ.

ಆಧುನಿಕ ಶುಶ್ರೂಷಾಶಾಸ್ತ್ರದ ಮಾತೂ ಇದೇ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ತೆರಳಿದ ಫ್ಲಾರೆನ್ಸ್ ನೈಟಿಂಗೇಲ್ ಅವರು ಕೊಳಕು ನೀರು, ಕೆಟ್ಟ ಗಾಳಿ, ಕಿಕ್ಕಿರಿದ ಕೊಠಡಿಗಳಿಂದ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ರೋಗಗಳಿಂದ ಸಾಯುತ್ತಿದ್ದುದನ್ನು ಕಂಡರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಪ್ರಯತ್ನದಿಂದ ಆರಂಭವಾದ ಶಾಲೆಯು ಶುಶ್ರೂಷೆಯನ್ನು ಕಲಿತು ಮಾಡಬೇಕಾದ ವಿದ್ಯೆಯೆಂದು ಸ್ಥಾಪಿಸಿತು. ಶುದ್ಧ ಗಾಳಿ, ಬೆಳಕು, ಶುಚಿತ್ವ, ನಿಶ್ಶಬ್ದ, ಸರಿಯಾದ ಆಹಾರ ಇವು ಅವರು ಒತ್ತಿ ಹೇಳಿದ ಅಂಶಗಳು. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಬರುವ ಚಿಕಿತ್ಸಾಗೃಹದ ವರ್ಣನೆಯನ್ನು ಇದರೊಡನೆ ಇಟ್ಟು ನೋಡಬಹುದು. ಆ ಮನೆಗೆ ಬಿರುಗಾಳಿ ನುಗ್ಗಬಾರದು, ಆದರೆ ಒಂದು ಕಡೆಯಿಂದ ಗಾಳಿಯಾಡಬೇಕು. ಹೊಗೆ, ಧೂಳು, ಬಿಸಿಲು ತಾಗಬಾರದು. ನೀರು, ಶೌಚಸ್ಥಳ, ಸ್ನಾನಸ್ಥಳ, ಅಡುಗೆಮನೆ ಇರಬೇಕು. ರೋಗಿಯನ್ನು ಎಬ್ಬಿಸುವುದರಲ್ಲಿ, ಮಲಗಿಸುವುದರಲ್ಲಿ, ಮೀಯಿಸುವುದರಲ್ಲಿ ನುರಿತವರು ಅಲ್ಲಿರಬೇಕೆಂದೂ ಅದೇ ಅಧ್ಯಾಯ ಹೇಳುತ್ತದೆ. ಎಬ್ಬಿಸುವುದು ಮಲಗಿಸುವುದು ಸಹ ಕಲಿಯಬೇಕಾದ ಕೆಲಸ ಎಂಬುದು ಇಲ್ಲಿ ಗಮನಾರ್ಹ.

ಉಪಚಾರಜ್ಞತೆ: ನೋಡಿ ಅರಿಯುವುದು

ಶುಶ್ರೂಷೆಯ ಕ್ರಮವನ್ನು ಇಂದಿನ ಪಠ್ಯಗಳು ಐದು ಹಂತಗಳಾಗಿ ವಿಂಗಡಿಸುತ್ತವೆ. ರೋಗಿಯ ಸ್ಥಿತಿಯನ್ನು ಪರಿಶೀಲಿಸುವುದು, ಅವನ ತೊಂದರೆ ಏನೆಂದು ಗುರುತಿಸುವುದು, ಮಾಡಬೇಕಾದುದನ್ನು ಯೋಜಿಸುವುದು, ಅದನ್ನು ಕಾರ್ಯಗತಗೊಳಿಸುವುದು, ಫಲವೇನಾಯಿತೆಂದು ಮತ್ತೆ ನೋಡುವುದು. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವುದು ಐದನೆಯದನ್ನು. ನೋವಿಗೆ ಮಾತ್ರೆ ಕೊಟ್ಟ ಬಳಿಕ ಅರ್ಧ ಗಂಟೆ ಅಥವಾ ಒಂದು ಗಂಟೆ ಬಿಟ್ಟು ನೋವು ಇಳಿಯಿತೇ ಎಂದು ಕೇಳದಿದ್ದರೆ ಆ ಕೆಲಸ ಅರ್ಧಕ್ಕೆ ನಿಂತಂತೆ.

ಪರಿಶೀಲನೆಗೆ ಆಯುರ್ವೇದವು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ಹೇಳಿದೆ: ನೋಡುವುದು, ಮುಟ್ಟುವುದು, ಕೇಳುವುದು. ಇವುಗಳ ಜೊತೆಗೆ ಅಳತೆಯೂ ಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಾಡಿ ಬಡಿತ ನಿಮಿಷಕ್ಕೆ 60ರಿಂದ 100, ಉಸಿರಾಟ ನಿಮಿಷಕ್ಕೆ 12ರಿಂದ 20, ಬಾಯಿಯಲ್ಲಿ ಅಳೆದ ದೇಹದ ಉಷ್ಣತೆ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್, ರಕ್ತದೊತ್ತಡ ಸುಮಾರು 120/80, ರಕ್ತದ ಆಮ್ಲಜನಕದ ಪ್ರಮಾಣ ಶೇಕಡಾ 95 ಅಥವಾ ಅದಕ್ಕಿಂತ ಹೆಚ್ಚು ಇರುವುದು ಸಹಜ. ದೀರ್ಘಕಾಲದ ಶ್ವಾಸಕೋಶ ರೋಗಿಗಳಲ್ಲಿ ಆಮ್ಲಜನಕದ ಅಂಕಿ ಇದಕ್ಕಿಂತ ಕಡಿಮೆ ಇರಬಹುದು. ಅವರಿಗೆ ಎಷ್ಟಿರಬೇಕೆಂಬುದನ್ನು ವೈದ್ಯರು ಹೇಳುತ್ತಾರೆ.

ಅಂಕಿ ಗೊತ್ತಿದ್ದರೆ ಸಾಲದು. ಅಳೆಯುವ ರೀತಿಯೂ ಸರಿಯಾಗಿರಬೇಕು. ಬಿಸಿ ಕಾಫಿ ಕುಡಿದ ಕೂಡಲೇ ಬಾಯಿಯಲ್ಲಿ ಥರ್ಮಾಮೀಟರ್ ಇಟ್ಟರೆ ಇಲ್ಲದ ಜ್ವರ ಕಾಣುತ್ತದೆ. ಸುಮಾರು ಅರ್ಧ ಗಂಟೆ ಕಾಯಬೇಕು. ಕಂಕುಳಲ್ಲಿ ಅಳೆದರೆ ಬಾಯಿಗಿಂತ ಸುಮಾರು ಒಂದು ಡಿಗ್ರಿ ಕಡಿಮೆ ತೋರುತ್ತದೆ. ರಕ್ತದೊತ್ತಡ ನೋಡುವ ಮುನ್ನ ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆಯಿರಬೇಕು, ಪಾದಗಳು ನೆಲದ ಮೇಲಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತನಾಡಬಾರದು. ಉಸಿರನ್ನು ಎಣಿಸುತ್ತೇನೆಂದು ಹೇಳಿ ಎಣಿಸಿದರೆ ರೋಗಿಗೆ ಅರಿವಿಲ್ಲದೆಯೇ ಉಸಿರಿನ ಗತಿ ಬದಲಾಗುತ್ತದೆ. ಆದ್ದರಿಂದ ನಾಡಿ ಎಣಿಸಿದ ಮೇಲೂ ಮಣಿಕಟ್ಟನ್ನು ಹಿಡಿದೇ ಇದ್ದು, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು.

ಒಂದು ಅಂಕಿಗಿಂತ ಅಂಕಿಗಳ ಸಾಗುವಿಕೆ ಮುಖ್ಯ. ಬೆಳಿಗ್ಗೆ 16 ಇದ್ದ ಉಸಿರು ಮಧ್ಯಾಹ್ನ 20, ಸಂಜೆ 26 ಆಯಿತೆಂದರೆ, ರೋಗಿ ಬಾಯಿಬಿಟ್ಟು ಹೇಳದಿದ್ದರೂ ದೇಹ ಹೇಳುತ್ತಿದೆ. ವೃದ್ಧರಲ್ಲಿ ಸೋಂಕು ತಗುಲಿದಾಗ ಜ್ವರ ಬಾರದೆಯೂ ಇರಬಹುದು. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದವರು ಇಂದು ಮಂಕಾಗಿದ್ದರೆ, ಅಸಂಬದ್ಧವಾಗಿ ಮಾತನಾಡಿದರೆ, ಊಟ ಬಿಟ್ಟರೆ ಅದನ್ನು ಮುಪ್ಪಿನ ಸ್ವಭಾವವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು.

ನೋಡಿದುದನ್ನು ಬರೆದಿಡಬೇಕು. ಬರೆಯದಿದ್ದುದು ಮಾಡದಿದ್ದಂತೆ ಎಂಬುದು ಶುಶ್ರೂಷಾವೃತ್ತಿಯಲ್ಲಿ ರೂಢಿಯಲ್ಲಿರುವ ಮಾತು. 'ಚೆನ್ನಾಗಿ ಊಟ ಮಾಡಿದರು' ಎಂದು ಬರೆದರೆ ಏನೂ ತಿಳಿಯದು. 'ಬೆಳಿಗ್ಗೆ 8 ಗಂಟೆಗೆ ಎರಡು ಇಡ್ಲಿ, 150 ಮಿ.ಲೀ. ಹಾಲು' ಎಂದು ಬರೆದರೆ ವೈದ್ಯನಿಗೆ ಅದು ಉಪಯೋಗಕ್ಕೆ ಬರುತ್ತದೆ. ಕುಡಿದ ನೀರನ್ನೂ ಹೋದ ಮೂತ್ರವನ್ನೂ ಅಳತೆಯಲ್ಲೇ ಬರೆಯಬೇಕು. ವಯಸ್ಕರಲ್ಲಿ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಗಂಟೆಗೆ ಅರ್ಧ ಮಿ.ಲೀ.ಗಿಂತ ಕಡಿಮೆ ಮೂತ್ರ ಬರುತ್ತಿದ್ದರೆ ಅದು ಎಚ್ಚರಿಕೆಯ ಸೂಚನೆ.

ದಾಕ್ಷ್ಯ: ಕೈಯ ನಿಪುಣತೆ

ಹಾಸಿಗೆ ಹುಣ್ಣು. ಮಲಗಿದಲ್ಲೇ ಇರುವ ರೋಗಿಯ ದೇಹದ ಭಾರವು ಎಲುಬು ಉಬ್ಬಿರುವ ಜಾಗಗಳ ಮೇಲೆ ಬೀಳುತ್ತದೆ. ಸೊಂಟದ ಹಿಂಭಾಗದ ತ್ರಿಕಾಸ್ಥಿ, ಹಿಮ್ಮಡಿ, ಪಕ್ಕೆಯ ಸೊಂಟದ ಎಲುಬು, ಮೊಣಕೈ, ಭುಜದ ಹಿಂಭಾಗ, ತಲೆಯ ಹಿಂಭಾಗ ಇವು ಆ ಜಾಗಗಳು. ಭಾರದಿಂದ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ ಅಲ್ಲಿನ ಮಾಂಸಕ್ಕೆ ರಕ್ತ ತಲುಪುವುದಿಲ್ಲ. ಗಂಟೆಗಟ್ಟಲೆ ಹೀಗಾದರೆ ಆ ಭಾಗ ಒಳಗಿನಿಂದಲೇ ಸಾಯತೊಡಗುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ನಿಯಮ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬಿಟ್ಟು ಸುಮಾರು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ರೋಗಿಯನ್ನು ಮೇಲಕ್ಕೆ ಸರಿಸುವಾಗ ಎಳೆಯಬಾರದು. ಮಡಿಸಿದ ಹೊದಿಕೆಯನ್ನು ಕೆಳಗೆ ಹಾಕಿ ಇಬ್ಬರು ಎರಡು ಬದಿಯಿಂದ ಎತ್ತಿ ಸರಿಸಬೇಕು.

ಬೆರಳಿನಿಂದ ಒತ್ತಿದಾಗ ಬಿಳುಪಾಗದೆ ಹಾಗೆಯೇ ಉಳಿಯುವ ಕೆಂಪು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಗಟ್ಟಿಯಾಗಿದೆಯೇ, ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಈ ಹಂತದಲ್ಲಿ ಭಾರ ತಪ್ಪಿಸಿದರೆ ಚರ್ಮ ಚೇತರಿಸಿಕೊಳ್ಳುತ್ತದೆ. ಅಲ್ಲಿ ತಿಕ್ಕಬಾರದು, ಎಣ್ಣೆ ಹಚ್ಚಿ ಮರ್ದನ ಮಾಡಬಾರದು; ಒಳಗೆ ನಲುಗಿರುವ ಮಾಂಸ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ಗಾಳಿಯ ಉಂಗುರದ ಮೇಲೆ ಕೂರಿಸುವುದೂ ಸರಿಯಲ್ಲ. ಅದು ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ. ತೇವವಿಲ್ಲದ, ಸುಕ್ಕಿಲ್ಲದ ಹಾಸಿಗೆ, ಸಾಕಷ್ಟು ಸಸಾರಜನಕವುಳ್ಳ ಆಹಾರ ಅಗತ್ಯ.

ಎಣ್ಣೆಯ ಮರ್ದನದ ವಿಷಯದಲ್ಲಿ ಆಯುರ್ವೇದ ವೈದ್ಯನಾಗಿ ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಭ್ಯಂಗವು ಉತ್ತಮ ಉಪಚಾರ, ನಿಜ. ಆದರೆ ಬಹಳ ದಿನ ಮಲಗಿದ ರೋಗಿಯ ಒಂದು ಕಾಲು ಮಾತ್ರ ಊದಿಕೊಂಡು, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಆ ಕಾಲನ್ನು ನೀವಬಾರದು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಮರ್ದನದಿಂದ ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ತಲುಪಿದರೆ ಪ್ರಾಣಕ್ಕೇ ಅಪಾಯ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಹಾರ ಕೊಡುವುದು. ಮಲಗಿಸಿ ಉಣಿಸಬಾರದು. ರೋಗಿಯನ್ನು ಆದಷ್ಟು ನೇರವಾಗಿ ಕೂರಿಸಿ, ಗದ್ದವನ್ನು ಸ್ವಲ್ಪ ಕೆಳಗೆ ಬಾಗಿಸಿ, ಸಣ್ಣ ತುತ್ತು ಕೊಟ್ಟು, ಅದನ್ನು ನುಂಗಿದ್ದು ಖಚಿತವಾದ ಮೇಲೆ ಮುಂದಿನ ತುತ್ತು ಕೊಡಬೇಕು. ಊಟದ ನಂತರ ಕನಿಷ್ಠ ಅರ್ಧ ಗಂಟೆ ಕುಳಿತಿರುವಂತೆಯೇ ಇರಿಸಬೇಕು. ಪಾರ್ಶ್ವವಾಯು ಬಡಿದ ರೋಗಿಗೆ ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ನೀರು, ಮಾತ್ರೆ, ಕಷಾಯ ಯಾವುದನ್ನೂ ಬಾಯಿಯಿಂದ ಕೊಡಕೂಡದು. ಎಚ್ಚರವಿಲ್ಲದವರಿಗಂತೂ ಒಂದು ಹನಿಯೂ ಸಲ್ಲದು. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಧ್ವನಿ ಗೊರಗೊರ ಎನ್ನುವುದು, ಕೆನ್ನೆಯಲ್ಲಿ ಅನ್ನ ಉಳಿಯುವುದು ಇವು ನುಂಗುವಿಕೆ ಕೆಟ್ಟಿದೆ ಎಂಬುದರ ಲಕ್ಷಣಗಳು.

ಎಬ್ಬಿಸುವುದು. ಬಹುಕಾಲ ಮಲಗಿದವರನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುತ್ತಾರೆ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೆಲವು ನಿಮಿಷ ಕೂರಿಸಬೇಕು. ಎತ್ತುವವರು ಸೊಂಟವನ್ನಲ್ಲ, ಮೊಣಕಾಲನ್ನು ಬಗ್ಗಿಸಬೇಕು. ರೋಗಿಯನ್ನು ತಮ್ಮ ಮೈಗೆ ಹತ್ತಿರ ಹಿಡಿಯಬೇಕು. ಇಲ್ಲವಾದರೆ ಆರೈಕೆ ಮಾಡುವವರೇ ಬೆನ್ನು ನೋವಿನಿಂದ ಮಲಗಬೇಕಾಗುತ್ತದೆ. ಸ್ವಾಧೀನವಿಲ್ಲದ ತೋಳನ್ನು ಹಿಡಿದೆಳೆದರೆ ಭುಜದ ಕೀಲು ಜಾರುತ್ತದೆ. ನಡೆಸುವಾಗ ರೋಗಿಯ ದುರ್ಬಲ ಭಾಗದ ಕಡೆ ನಿಲ್ಲಬೇಕು, ಏಕೆಂದರೆ ರೋಗಿ ಬೀಳುವುದು ಆ ಕಡೆಗೇ.

ಔಷಧ ಕೊಡುವುದು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ನಿಯಮಗಳು ಪ್ರತಿ ಬಾರಿಯೂ ಅನ್ವಯಿಸುತ್ತವೆ. ಔಷಧವನ್ನು ತೆಗೆಯುವಾಗ, ಅಳೆಯುವಾಗ, ಮರಳಿ ಇಡುವಾಗ ಹೀಗೆ ಮೂರು ಸಲ ಚೀಟಿ ಓದಬೇಕು. ಚೀಟಿ ಇಲ್ಲದ ಬಾಟಲಿಯಿಂದ ಏನನ್ನೂ ಕೊಡಬಾರದು. ನುಂಗಲು ಕಷ್ಟವೆಂದು ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ. ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಅರೆದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಆಸ್ಪತ್ರೆಯ ಮಾತ್ರೆಗಳ ಜೊತೆಗೆ ನಮ್ಮ ಕಷಾಯ, ಚೂರ್ಣ, ಭಸ್ಮಗಳನ್ನು ಕೊಡುತ್ತಿದ್ದರೆ ಎರಡೂ ಕಡೆಯ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಮೂಲಿಕೆಯಾದ್ದರಿಂದ ಏನೂ ಆಗದು ಎಂಬ ಭಾವನೆ ಸರಿಯಲ್ಲ.

ಶೌಚ: ಕೈಯಿಂದ ಆರಂಭ

1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮಾಡಿ ಬಂದ ಕೈಗಳಿಂದಲೇ ಹೆರಿಗೆ ಮಾಡಿಸುತ್ತಿದ್ದುದು ಬಾಣಂತಿಯರ ಜ್ವರಕ್ಕೂ ಸಾವಿಗೂ ಕಾರಣವೆಂದು ಊಹಿಸಿ, ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಸಾವುಗಳು ಗಣನೀಯವಾಗಿ ಇಳಿದವು. ಸೂಕ್ಷ್ಮಜೀವಿಗಳ ಸಿದ್ಧಾಂತ ಇನ್ನೂ ಸ್ಥಾಪಿತವಾಗಿರದ ಕಾಲವದು.

ಇಂದು ವಿಶ್ವ ಆರೋಗ್ಯ ಸಂಸ್ಥೆಯು ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ನಿರ್ದೇಶಿಸಿದೆ: ರೋಗಿಯನ್ನು ಮುಟ್ಟುವ ಮೊದಲು; ಗಾಯ ಕಟ್ಟುವಂತಹ ಶುಚಿಕಾರ್ಯದ ಮೊದಲು; ರಕ್ತ, ಮಲ, ಮೂತ್ರಾದಿಗಳ ಸಂಪರ್ಕದ ನಂತರ; ರೋಗಿಯನ್ನು ಮುಟ್ಟಿದ ನಂತರ; ರೋಗಿಯ ಮಂಚ, ಹೊದಿಕೆ ಮೊದಲಾದ ವಸ್ತುಗಳನ್ನು ಮುಟ್ಟಿದ ನಂತರ. ಸೋಪು ನೀರಿನಿಂದಾದರೆ ಇಡೀ ಕ್ರಿಯೆಗೆ 40ರಿಂದ 60 ಸೆಕೆಂಡುಗಳು ಬೇಕು. ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಇವು ಅವಸರದಲ್ಲಿ ತಪ್ಪಿಹೋಗುವ ಜಾಗಗಳು. ಕೈಗವಸು ಹಾಕಿದರೆ ಕೈ ತೊಳೆಯಬೇಕಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕೈಗವಸು ತೆಗೆದ ಮೇಲೂ ತೊಳೆಯಬೇಕು.

ಮೈ ಒರೆಸುವಾಗ ಶುಚಿಯಾದ ಭಾಗದಿಂದ ಮಲಿನ ಭಾಗದ ಕಡೆಗೆ ಸಾಗಬೇಕು. ಮೊದಲು ಕಣ್ಣು, ಅದೂ ಮೂಗಿನ ಕಡೆಯಿಂದ ಹೊರಗಿನ ಅಂಚಿಗೆ, ಅನಂತರ ಮುಖ, ತೋಳು, ಎದೆ, ಕಾಲು, ಕೊನೆಗೆ ಗುಹ್ಯಭಾಗ. ಸ್ತ್ರೀಯರಿಗೆ ಮುಂದಿನಿಂದ ಹಿಂದಕ್ಕೆ ಒರೆಸದಿದ್ದರೆ ಮಲದ ಸೂಕ್ಷ್ಮಜೀವಿಗಳು ಮೂತ್ರನಾಳ ಸೇರುತ್ತವೆ. ಮೂತ್ರದ ಕ್ಯಾಥೆಟರ್ ಇರುವವರ ಚೀಲವು ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಬಾಯಿಂದ ಉಣ್ಣದ ರೋಗಿಗೂ ದಿನಕ್ಕೆ ಎರಡು ಬಾರಿಯಾದರೂ ಬಾಯಿ ಶುಚಿ ಮಾಡಬೇಕು. ಬಾಯಿಯ ಕೊಳೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಲ್ಲದು.

ಅನುರಾಗ: ಮನುಷ್ಯನನ್ನು ಕಾಣುವುದು

ಅಮೆರಿಕದ ಶುಶ್ರೂಷಾತಜ್ಞೆ ವರ್ಜೀನಿಯಾ ಹೆಂಡರ್ಸನ್ ಅವರು ರೋಗಿಯ 14 ಮೂಲಭೂತ ಅಗತ್ಯಗಳನ್ನು ಪಟ್ಟಿ ಮಾಡಿದ್ದಾರೆ. ಉಸಿರಾಟ, ಆಹಾರ, ವಿಸರ್ಜನೆಗಳಿಂದ ಆರಂಭವಾಗುವ ಆ ಪಟ್ಟಿಯಲ್ಲಿ ಭಾವನೆಗಳನ್ನು ಹೇಳಿಕೊಳ್ಳುವುದು, ತನ್ನ ಶ್ರದ್ಧೆಗೆ ಅನುಗುಣವಾಗಿ ಪೂಜಿಸುವುದು, ಸಾರ್ಥಕವೆನಿಸುವ ಕೆಲಸ ಮಾಡುವುದು, ಹೊಸದನ್ನು ಕಲಿಯುವುದು ಸಹ ಸೇರಿವೆ. ನಿತ್ಯ ಪೂಜೆ ಮಾಡುತ್ತಿದ್ದ ಹಿರಿಯರು ಹಾಸಿಗೆ ಹಿಡಿದ ಮಾತ್ರಕ್ಕೆ ಆ ಅಗತ್ಯ ನಿಲ್ಲುವುದಿಲ್ಲ. ಮುಖ ತೊಳೆಸಿ, ಒರಗಿ ಕೂರಿಸಿ, ಪೂಜೆಗೆ ಅನುಕೂಲ ಮಾಡಿಕೊಡುವುದು ಶುಶ್ರೂಷೆಯ ಭಾಗವೇ ಆಗಿದೆ.

ಹೆಂಡರ್ಸನ್ ಅವರ ಇನ್ನೊಂದು ವಿಚಾರವೂ ಮುಖ್ಯ. ಶಕ್ತಿಯಿದ್ದಿದ್ದರೆ, ತಿಳಿವಳಿಕೆಯಿದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದುದಕ್ಕೆ ನೆರವಾಗಿ, ಅವನು ಆದಷ್ಟು ಬೇಗ ಸ್ವಾವಲಂಬಿಯಾಗುವಂತೆ ಮಾಡುವುದೇ ಶುಶ್ರೂಷೆಯ ಗುರಿ. ಎಡಗೈ ಚೆನ್ನಾಗಿರುವವರಿಗೆ ನಾವೇ ತುತ್ತು ಕೊಡುತ್ತಾ ಹೋದರೆ ಆ ಎಡಗೈಯೂ ಸೋಮಾರಿಯಾಗುತ್ತದೆ. ಅವರು ಅರ್ಧ ಅನ್ನ ಚೆಲ್ಲಿದರೂ ಸರಿ, ತಾವೇ ಉಣ್ಣಲಿ.

ಮುಟ್ಟುವ ಮುನ್ನ ಏನು ಮಾಡಲಿದ್ದೇವೆಂದು ಹೇಳಬೇಕು. ಬಟ್ಟೆ ಬದಲಿಸುವಾಗ ಬಾಗಿಲು ಮುಚ್ಚಬೇಕು, ಬೇಕಾದಷ್ಟೇ ಭಾಗವನ್ನು ತೆರೆಯಬೇಕು. ಎಚ್ಚರ ತಪ್ಪಿದವರ ಎದುರೂ ಮಾತಿನಲ್ಲಿ ಹಿಡಿತವಿರಬೇಕು. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು. ಮಲಮೂತ್ರ ಎತ್ತುವಾಗ ನಮ್ಮ ಮುಖ ಸಿಂಡರಿಸಿದರೆ, ಅದನ್ನು ಕಂಡ ಹಿರಿಯರು ಮರುದಿನದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇತರರಿಗೆ ತೊಂದರೆಯಾಗದಿರಲೆಂದು ಅವರು ಹಾಗೆ ಮಾಡುತ್ತಾರೆ. ಅದರಿಂದ ನಿರ್ಜಲತೆ, ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. ಹೇಸಿಗೆಪಡದವನಾಗಿರಬೇಕೆಂಬ ಸುಶ್ರುತನ ಮಾತಿನ ತೂಕ ಇಲ್ಲಿ ತಿಳಿಯುತ್ತದೆ.

ಅಭ್ಯಾಸಕ್ಕಾಗಿ ಐದು ಪ್ರಶ್ನೆಗಳು

ವಿದ್ಯಾರ್ಥಿಗಳು ಉತ್ತರವನ್ನು ಮುಚ್ಚಿಟ್ಟು ಮೊದಲು ತಾವೇ ಯೋಚಿಸಬೇಕು. ಉತ್ತರಕ್ಕಿಂತ ಕಾರಣ ಮುಖ್ಯ.

1. ಬಲಭಾಗಕ್ಕೆ ಪಾರ್ಶ್ವವಾಯು ಆಗಿರುವವರಿಗೆ ಅಂಗಿ ತೊಡಿಸುವಾಗ ಮೊದಲು ಯಾವ ಕೈ?
ಬಲಗೈ. ಬಾಗಿಸಲಾಗದ ಕೈಗೆ ಮೊದಲು ತೋಳು ಏರಿಸಿದರೆ, ಉಳಿದುದನ್ನು ಆರೋಗ್ಯವಾಗಿರುವ ಕೈ ಸುಲಭವಾಗಿ ತೊಡುತ್ತದೆ. ಕಳಚುವಾಗ ಇದರ ತದ್ವಿರುದ್ಧ: ಮೊದಲು ಎಡಗೈ.

2. ಒಬ್ಬರು ನೀರು ಕೇಳುತ್ತಿದ್ದಾರೆ, ಒಬ್ಬರು ಗಾಯದ ನೋವೆನ್ನುತ್ತಿದ್ದಾರೆ, ಒಬ್ಬರು ನಾಳಿನ ಶಸ್ತ್ರಚಿಕಿತ್ಸೆಗೆ ಹೆದರಿ ಅಳುತ್ತಿದ್ದಾರೆ, ಒಬ್ಬರು ಮಾತಿಲ್ಲದೆ ಏದುಸಿರು ಬಿಡುತ್ತಿದ್ದಾರೆ. ಮೊದಲು ಯಾರು?
ಏದುಸಿರು ಬಿಡುತ್ತಿರುವವರು. ಶ್ವಾಸಮಾರ್ಗ, ಉಸಿರಾಟ, ರಕ್ತಸಂಚಾರ ಎಂಬುದು ಆದ್ಯತೆಯ ಕ್ರಮ. ಹೆಚ್ಚು ಕೂಗುವವರೇ ಹೆಚ್ಚು ಅಪಾಯದಲ್ಲಿರುವವರೆಂದು ತಿಳಿಯಬಾರದು.

3. ಕ್ಯಾಥೆಟರ್ ಇರುವ 60 ಕಿಲೋಗ್ರಾಂ ತೂಕದ ರೋಗಿಯ ಚೀಲದಲ್ಲಿ 4 ಗಂಟೆಗಳಲ್ಲಿ 60 ಮಿ.ಲೀ. ಮೂತ್ರ ಸೇರಿದೆ. ಏನು ಮಾಡಬೇಕು?
ಗಂಟೆಗೆ 30 ಮಿ.ಲೀ.ಯಂತೆ ಕನಿಷ್ಠ 120 ಮಿ.ಲೀ. ಇರಬೇಕಿತ್ತು. ಮೊದಲು ನಳಿಕೆ ಮಡಚಿದೆಯೇ, ರೋಗಿಯ ಮೈಕೆಳಗೆ ಸಿಕ್ಕಿದೆಯೇ, ಹೊಟ್ಟೆಯ ಕೆಳಭಾಗ ಉಬ್ಬಿದೆಯೇ ಎಂದು ನೋಡಿ, ಸರಿಯಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

4. 'ನಿನ್ನೆಯ ಮಾತ್ರೆ ಬಿಳಿಯದಿತ್ತು, ಇದು ಹಳದಿ' ಎಂದು ರೋಗಿ ಹೇಳಿದರೆ?
ಕೊಡುವುದನ್ನು ನಿಲ್ಲಿಸಿ, ವೈದ್ಯರ ಆದೇಶವನ್ನು ಮತ್ತೆ ಓದಬೇಕು. ಕಂಪನಿ ಬದಲಾಗಿರಬಹುದು, ಔಷಧವೇ ಬದಲಾಗಿರಲೂಬಹುದು. ರೋಗಿಯ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲಿ ಕೊನೆಯ ತಡೆಗೋಡೆ.

5. ಹಿಮ್ಮಡಿಯ ಮೇಲೆ ಒತ್ತಿದರೂ ಮಾಯವಾಗದ ಕೆಂಪು ಕಾಣಿಸಿದೆ. ತಿಕ್ಕಬೇಕೇ?
ಕೂಡದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಟ್ಟು, ಜಾಗ ಮತ್ತು ಅಳತೆಯನ್ನು ಬರೆದು, ತಿಳಿಸಬೇಕು. ಮಗ್ಗುಲು ಬದಲಿಸುವ ವೇಳಾಪಟ್ಟಿಯನ್ನು ಬಿಗಿಗೊಳಿಸಬೇಕು.

ಮನೆಯವರಿಗೆ ಕೊನೆಯ ಮಾತು

ಪರಿಚಾರಕನು ದಣಿಯದವನಾಗಿರಬೇಕೆಂದು ಸುಶ್ರುತನು ಹೇಳಿದ್ದಾನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೆಂದರೆ ದಿನಕ್ಕೆ 12 ಸಲ, ಅದರಲ್ಲಿ ನಾಲ್ಕೈದು ಸಲ ರಾತ್ರಿಯಲ್ಲಿ. ಯಾವ ಮನುಷ್ಯನೂ ಒಬ್ಬನೇ ಇದನ್ನು ತಿಂಗಳುಗಟ್ಟಲೆ ದಣಿಯದೆ ಮಾಡಲಾರ. ಆದರೂ ಅನೇಕ ಮನೆಗಳಲ್ಲಿ ಈ ಭಾರವೆಲ್ಲ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಹೆಗಲ ಮೇಲಿರುತ್ತದೆ. ಉಳಿದವರು ಸಂಜೆ ಬಂದು, ಹೇಗಿದ್ದಾರೆಂದು ವಿಚಾರಿಸಿ, ತಮ್ಮ ಕೋಣೆ ಸೇರುತ್ತಾರೆ. ಆಕೆ ನಿದ್ದೆಗೆಟ್ಟು ಕಾಯಿಲೆ ಬಿದ್ದ ದಿನ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಆರೈಕೆ ಬಲ್ಲವರು ಒಬ್ಬರೂ ಉಳಿಯುವುದಿಲ್ಲ.

ಆದ್ದರಿಂದ ರೋಗಿಯ ಕೋಣೆಯ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿರಿ. ಎಡಗಡೆ ಹೊತ್ತು, ನಡುವೆ ಮಾಡಬೇಕಾದ ಕೆಲಸ, ಬಲಗಡೆ ಅದನ್ನು ಮಾಡುವವರ ಹೆಸರು. ಆ ಮೂರನೆಯ ಸಾಲಿನಲ್ಲಿ ಮನೆಯ ಗಂಡಸರ ಹೆಸರೂ ಇರಲಿ, ಕಾಲೇಜಿಗೆ ಹೋಗುವ ಮಕ್ಕಳ ಹೆಸರೂ ಇರಲಿ. ಮಗ್ಗುಲು ಬದಲಿಸುವುದನ್ನೂ ಕೈ ತೊಳೆಯುವುದನ್ನೂ ಕೂರಿಸಿ ಉಣಿಸುವುದನ್ನೂ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಅಲ್ಲಿನ ಶುಶ್ರೂಷಾ ಸಿಬ್ಬಂದಿಯಿಂದ ಕೇಳಿ ಕಲಿತು, ಅವರ ಎದುರಿನಲ್ಲೇ ಒಮ್ಮೆ ಮಾಡಿ ತೋರಿಸಿರಿ. ತಪ್ಪಿದ್ದರೆ ಅವರು ತಿದ್ದುತ್ತಾರೆ. ವೈದ್ಯನು ಬಂದು ಹೋಗುತ್ತಾನೆ, ಔಷಧವನ್ನು ಅಂಗಡಿಯಿಂದ ತರಬಹುದು. ಮೂರನೆಯ ಪಾದವನ್ನು ಮಾತ್ರ ಮನೆಯವರೇ ಕೂಡಿ ಕಟ್ಟಬೇಕು.